ನನ್ನ ಕಣ್ಣಿಗೆ ಅದು ನೀಲಿ

ಮೊನ್ನೆ ಬೆಳಿಗ್ಗೆ ಪೇಪರ್ ಓದಲು ಕನ್ನಡಕ ಸಿಗದೆ ಹಳೆಯ ಕನ್ನಡಕದ ಡಬ್ಬಿ ತೆಗೆದರೆ ಒಳಗೊಂದು ಗರಿ. ಕಿರುಬೆರಳಿಗಿಂತ ಚಿಕ್ಕದು, ಬುಡದಲ್ಲಿ ಒಣಗಿದ ರಕ್ತದ ಕಪ್ಪು ಚುಕ್ಕೆ. ನಾನೇ ಇಟ್ಟದ್ದು, ಇಟ್ಟು ಮರೆತದ್ದು. ಯಾವ ಬಣ್ಣದ ಗರಿ ಎಂದು ನೀವು ಕೇಳುತ್ತೀರಿ. ಗರಿ ಎಂದ ಮೇಲೆ ಎಲ್ಲರೂ ಕೇಳುವುದು ಅದನ್ನೇ. ನನ್ನ ಕಣ್ಣಿಗೆ ಅದು ನೀಲಿ. ಆದರೆ ನನ್ನ ಕಣ್ಣನ್ನು ನಂಬಿ ನೀವು ಒಂದು ಟೊಮೆಟೊ ಕೂಡ ಕೊಳ್ಳಬಾರದು.

ಹುಟ್ಟಿದಾಗಿನಿಂದ ನನಗೆ ಕೆಲವು ಬಣ್ಣಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕೆಂಪು, ಹಸಿರು, ಕಂದು ಎಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಯಾರು ಯಾರೆಂದು ಹೇಳಲು ಹತ್ತಿರ ಹೋಗಿ ಮಾತಾಡಿಸಬೇಕು. ನೀಲಿ ಕಾಣುತ್ತದೆ. ಆದರೆ ನೇರಳೆ ಬಣ್ಣ ಅಂತೀರಲ್ಲ, ಅದೂ ನನಗೆ ನೀಲಿಯೇ. ಈ ವಿಷಯ ಮೊದಲು ಬಯಲಾದದ್ದು ಶಾಲೆಯಲ್ಲಿ. ಡ್ರಾಯಿಂಗ್ ಮೇಷ್ಟ್ರು ಕಿಟಕಿಯಿಂದ ಕಾಣುವ ಚಾಮುಂಡಿ ಬೆಟ್ಟ ಬರೆಯಿರಿ ಅಂದರು. ನಾನು ಕೈಗೆ ಸಿಕ್ಕ ಬಳಪದಲ್ಲಿ ಗಿಡಮರ ಎಲ್ಲ ತುಂಬಿ, ಅಚ್ಚುಕಟ್ಟಾಗಿ ಗೋಪುರ ಬರೆದು, ಹೆಮ್ಮೆಯಿಂದ ತೋರಿಸಿದೆ. ಮೇಷ್ಟ್ರು ಪುಸ್ತಕವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಏನಪ್ಪಾ ಇದು, ಬೆಟ್ಟಕ್ಕೆ ಬೆಂಕಿ ಬಿದ್ದೈತಾ?" ಅಂದರು. ತರಗತಿ ನಕ್ಕಿತು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ಇನ್ನೊಂದು, ನೇರಳೆ ಹಣ್ಣಿನದು. ತಾತನ ಊರಿನಲ್ಲಿ ಮರದ ಕೆಳಗೆ ಬಿದ್ದ ಹಣ್ಣು ತಿಂದು, ಬೀಜ ಉಗುಳಿ, ಅಂಗಿಗೆ ಕೈ ಒರೆಸಿಕೊಂಡು ಬಂದು, "ಇಂಕು ಚೆಲ್ತು ಕಣವ್ವ" ಎಂದು ಸುಳ್ಳು ಹೇಳಿದೆ. ನನ್ನ ಕಣ್ಣಿಗೆ ಆ ಕಲೆಗೂ ಇಂಕಿಗೂ ವ್ಯತ್ಯಾಸವೇ ಇರಲಿಲ್ಲ, ಹಾಗಾಗಿ ಸುಳ್ಳು ಬಹಳ ಗಟ್ಟಿಯಾಗಿದೆ ಅಂದುಕೊಂಡಿದ್ದೆ. ಅವ್ವ ಬೆನ್ನಿಗೆರಡು ಕೊಟ್ಟು, "ಇಂಕು ಕುಡ್ಕಂಡು ಬಂದಿದ್ದೀಯೇನ್ಲಾ? ನಾಲ್ಗೆ ಚಾಚು" ಅಂದಳು. ಮುಂದೆ ರೈಲ್ವೆ ಕೆಲಸಕ್ಕೆ ಹೋದಾಗ ಕಣ್ಣಿನ ಡಾಕ್ಟರು ಚುಕ್ಕೆಗಳ ಪುಸ್ತಕ ತೆಗೆದು ಇದರಲ್ಲಿ ಯಾವ ಅಂಕಿ ಇದೆ ಹೇಳಿ ಅಂದರು. ಎಲ್ಲರಿಗೂ ಅಂಕಿ ಕಂಡಿತು, ನನಗೆ ಸಬ್ಬಕ್ಕಿ ಪಾಯಸ ಕಂಡಿತು. ಕೊನೆಗೆ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಬಿಳಿ ಹಾಳೆ, ಕರಿ ಅಕ್ಷರ. ನನ್ನಂಥವನಿಗಾಗಿಯೇ ದೇವರು ಅಚ್ಚುಮೊಳೆ ಮಾಡಿರಬೇಕು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನ್ನ ಹೆಂಡತಿ ರತ್ನ ಮನೆಗೆ ಬಂದದ್ದೇ ಈ ಕಣ್ಣಿನ ಕೆಲಸಕ್ಕೆ. ಹೆಣ್ಣು ನೋಡಲು ಹೋದಾಗ ನನ್ನ ಅಕ್ಕ ಪುಟ್ಟಮ್ಮ ಏನನ್ನೂ ಮುಚ್ಚಿಡಬಾರದೆಂದು ನಿರ್ಧರಿಸಿದ್ದಳು. ಚಕ್ಕುಲಿ ಮುರಿಯುತ್ತಾ, "ನಮ್ ಹುಡ್ಗನಿಗೆ ಕೆಟ್ಟ ಚಟ ಒಂದೂ ಇಲ್ಲ. ಬಣ್ಣ ಮಾತ್ರ ಗೊತ್ತಾಗಕ್ಕಿಲ್ಲ" ಅಂದಳು. ನಮ್ಮ ಮಾವ ಸ್ವಲ್ಪ ಯೋಚನೆ ಮಾಡಿ, "ಅದ್ಕೇನಂತೆ, ಬಣ್ಣ ನಮ್ ಹುಡ್ಗಿ ಯೋಳ್ತಾಳೆ ಬುಡಿ" ಅಂದರು. ಅಷ್ಟೇ ನೋಡಿ ಮದುವೆಯ ಕರಾರು. ಅವಳು ಅದನ್ನು ಕೊನೆಯತನಕ ನಡೆಸಿದಳು. ಮಾರ್ಕೆಟ್ಟಿನಲ್ಲಿ ಮಾವಿನಹಣ್ಣು, ಮದುವೆಗೆ ಹೊರಟಾಗ ನನ್ನ ಅಂಗಿ, ಸಿಗ್ನಲ್ಲಿನಲ್ಲಿ ಸ್ಕೂಟರಿನ ಹಿಂದಿನಿಂದ "ಹಸಿರು ಬಿತ್ತು, ನಡೀರಿ." ಸಿಗ್ನಲ್ಲಿನಲ್ಲಿ ಮೇಲಿನ ದೀಪ ಯಾವುದು ಕೆಳಗಿನದು ಯಾವುದು ಎಂದು ನನಗೂ ಗೊತ್ತಿತ್ತು. ಆದರೂ ಅವಳು ಹೇಳುವ ತನಕ ನಾನು ಹೊರಡುತ್ತಿರಲಿಲ್ಲ.

ಮದುವೆಯಾದ ಮೊದಲ ದೀಪಾವಳಿಗೆ ಅವಳಿಗೆ ಹೇಳದೆ ನಾನೊಬ್ಬನೇ ಹೋಗಿ ಒಂದು ನೀಲಿ ರೇಷ್ಮೆ ಸೀರೆ ತಂದೆ. "ನೀಲಿ ಅಂದ್ರೆ ನಂಗಿಷ್ಟ" ಎಂದು ಉಟ್ಟುಕೊಂಡಳು. ಎಷ್ಟೋ ಕಾಲವಾದ ಮೇಲೆ ಯಾರದೋ ಮದುವೆಯಲ್ಲಿ ಅಕ್ಕ ಅವಳ ಸೆರಗು ಹಿಡಿದು, "ಈ ನೇರಳೆ ಸೀರೆ ನಿಂಗೆ ಚೆನ್ನಾಗೊಪ್ಪುತ್ತೆ ಕಣಮ್ಮ" ಅಂದುಬಿಟ್ಟಳು. ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದ ನನಗೆ ಪಾಯಸ ನೆತ್ತಿಗೇರಿತು. ಮನೆಗೆ ಬಂದು ಕೇಳಿದರೆ, "ನೀವು ನೀಲಿ ಅಂತ ತಂದ್ರಿ, ನಾನು ನೀಲಿ ಅಂತ ಉಟ್ಟೆ. ಈಗೇನ್ ಮುಳುಗೋಯ್ತು?" ಅಂದಳು. ಹೋಗಿ ಸೀರೆ ಮಡಿಸಿಟ್ಟಳು.

ನಮಗೆ ಮಕ್ಕಳಾಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅದನ್ನು ಹಕ್ಕಿಗಳಲ್ಲಿ ಹುಡುಕುತ್ತಾ ಕೂರುವುದು ಬೇಡ. ಹಕ್ಕಿ ಬಂದದ್ದು ಸಿದ್ಧಾರ್ಥನಗರದ ಈ ಮನೆಗೆ ನಾವು ಬಂದ ಮೇಲೆ. ಎದುರುಮನೆಯವರು ವರ್ಗವಾಗಿ ಹೋಗುವಾಗ ಒಂದು ಪಂಜರ ಕೊಟ್ಟು ಹೋದರು. ಒಳಗೆ ಎರಡು ಬಜ್ಜಿ ಹಕ್ಕಿ. ಅಂದರೆ ಬಜರಿಗಾರ್, ಗುಬ್ಬಚ್ಚಿಗಿಂತ ಸ್ವಲ್ಪ ಉದ್ದನೆಯ ಪುಟ್ಟ ಗಿಳಿ. ನಮ್ಮ ಊರಿನಲ್ಲಿ ಇದಕ್ಕೆ ಎಲ್ಲರೂ ಲವ್ ಬರ್ಡ್ಸ್ ಅನ್ನುತ್ತಾರೆ. ಪ್ರೂಫ್ ನೋಡುವವನಾದ ನಾನು ಕಂಡಕಂಡವರನ್ನು ತಿದ್ದಿ ತಿದ್ದಿ ಸೋತೆ. ಲವ್ವಂತೆ! ಒಂದು ಹೆಣ್ಣು ಇನ್ನೊಂದರ ಗೂಡಿನ ಮಡಕೆಗೆ ಇಣುಕಿದರೆ ಸಾಕು, ನಲ್ಲಿ ನೀರಿನ ಸಾಲಿನಲ್ಲೂ ಅಂಥ ಜಗಳ ನೋಡಿಲ್ಲ ನಾನು.

ರತ್ನಳಿಗೆ ಅವುಗಳ ಬಣ್ಣದ ಹುಚ್ಚು ಹಿಡಿಯಿತು. ಯಾವ ಗಂಡಿಗೆ ಯಾವ ಹೆಣ್ಣು ಹಾಕಿದರೆ ಯಾವ ಮರಿ ಬರುತ್ತದೆ ಎಂದು ಮೊಬೈಲಿನಲ್ಲಿ ನೋಡಿದಳು, ಸಾಕುವವರ ಮನೆಗಳಿಗೆ ಹೋಗಿ ಕೇಳಿದಳು, ಮಾಡಿ ತಪ್ಪಿ ಕಲಿತಳು. ಅಣ್ಣತಂಗಿಯನ್ನು ಜೊತೆ ಹಾಕಬಾರದು ಎನ್ನುವುದರಲ್ಲಿ ನಮ್ಮ ಅಕ್ಕನಷ್ಟೇ ಕಟ್ಟುನಿಟ್ಟು. ನನಗೂ ಪಾಠ ಮಾಡುತ್ತಿದ್ದಳು. ಮೇಲೆ ಹಸಿರಾಗಿರುವ ಹಕ್ಕಿಯ ಒಳಗೆ ನೀಲಿ ಅಡಗಿರಬಹುದಂತೆ. "ಅತ್ತೆ ಎದುರಿಗೆ ಸೊಸೆ ಬಾಯಿ ಬಿಡಲ್ಲ ನೋಡಿ, ಹಂಗೆ. ಹಸಿರು ಇರೋಗಂಟ ನೀಲಿ ಸುಮ್ನಿರುತ್ತೆ. ಎರಡು ಕಡೆಯಿಂದ್ಲೂ ನೀಲಿ ಬಂದು ಸೇರಿದ್ರೆ ಆಗ ಮರಿ ನೀಲಿ." ನಾನು ತಲೆಯಾಡಿಸುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಎಂದು ಅವಳಿಗೂ ಗೊತ್ತಿತ್ತು, ಆದರೂ ಬಾರಿಸುವುದನ್ನು ಬಿಡಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ, ನೇರಳೆ ಬಣ್ಣದ ಮರಿ. ಕೊಳ್ಳುವುದಲ್ಲ, ನಮ್ಮ ತಾರಸಿಯ ಮೇಲೆ, ನಮ್ಮ ಮಡಕೆಯಲ್ಲಿ ಹುಟ್ಟಬೇಕು. ಅದರ ಮೇಲೇ ಯಾಕಿಷ್ಟು ಆಸೆ ಎಂದು ಕೇಳಿದರೆ, "ಗೊತ್ತಿಲ್ದೆ ನೀವು ತಂದ್ಕೊಟ್ರಲ್ಲ, ಆ ಬಣ್ಣ. ಒಂದ್ಸಲ ಗೊತ್ತಿದ್ದು ನಾನೂ ತರ್ತೀನಿ" ಅಂದಳು. ಹುಟ್ಟಿದರೂ ನನಗೆ ನೀಲಿಯಾಗಿಯೇ ಕಾಣುತ್ತದಲ್ಲೇ ಎಂದು ತಮಾಷೆ ಮಾಡಿದೆ. "ಹುಟ್ಟಿದ್ ದಿನ ನಾನೇ ಹೇಳ್ತೀನಿ ಬುಡಿ" ಅಂದಳು.

ಈ ಹಕ್ಕಿಗಳು ಗೂಡು ಮಾಡುವುದು ಬಾಯಿ ಮುಚ್ಚಿ ಪಕ್ಕದಲ್ಲಿ ತೂತು ಕೊರೆದ ಸಣ್ಣ ಮಣ್ಣಿನ ಮಡಕೆಯಲ್ಲಿ. ಅವಳು ಊರಿಗೆ ಹೋದಾಗ ನಾನೇ ಕಾಳುನೀರು ಹಾಕಬೇಕಿತ್ತಲ್ಲ, ನನಗೆ ಗೊತ್ತಾಗಲೆಂದು ಪ್ರತಿ ಮಡಕೆಯ ಮೇಲೂ ಸುಣ್ಣದಲ್ಲಿ ರಂಗೋಲಿ ಬರೆದಳು. ಹಸಿರಿನ ಜೋಡಿಗೆ ಮಾವಿನೆಲೆ. ನೀಲಿಗೆ ಅಲೆ. ಹಳದಿಗೆ ಸೂರ್ಯ. ಬಿಳಿಯದಕ್ಕೆ ಏನೂ ಇಲ್ಲ, "ಬಿಳಿ ನಿಮ್ಗೂ ಕಾಣುತ್ತೆ" ಎಂದು. ಕಪ್ಪು ಮಡಕೆ, ಬಿಳಿ ಗೆರೆ. ಬಣ್ಣವನ್ನು ನನಗೆ ಅಚ್ಚು ಮಾಡಿಕೊಟ್ಟ ಹಾಗೆ. ಒಂದು ಮಡಕೆಗೆ ಮಾತ್ರ ಎಂಟು ದಳದ ಹೂವು ಬರೆದು ಖಾಲಿ ಮೂಲೆಯಲ್ಲಿ ಕವುಚಿ ಇಟ್ಟಿದ್ದಳು. ಅದು ನೇರಳೆಗೆ.

ಸರಸ್ವತಿಪುರಂನಲ್ಲಿ ಓದುವ ಹುಡುಗಿಯರು ರೂಮ್ ಖಾಲಿ ಮಾಡುವಾಗ ಬೇಡವೆಂದು ಕೊಟ್ಟ ಒಂದು ಹೆಣ್ಣುಹಕ್ಕಿಯನ್ನು ಅವಳು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಬಂದವಳೇ ಬಿಸಿಲಿಗೆ ಹಿಡಿದು ನೋಡಿದಳು. "ಇದ್ರ ಹಸಿರು ಸರಿಯಿಲ್ಲ ಕಣ್ರೀ. ಕಪ್ಪಗೆ ಅದೆ. ತಳದಲ್ಲಿ ಏನೋ ಬೇರೆ ಬಣ್ಣ ಅಡಗಿದೆ."

"ಕೊಳೆ ಇರಬೇಕು. ಸ್ನಾನ ಮಾಡಿಸು."

"ನಿಮ್ ತಲೆ!" ಎಂದು ಅದಕ್ಕೊಂದು ಕಡುನೀಲಿ ಗಂಡು ಜೊತೆ ಹಾಕಿದಳು. ಮೊದಲ ಸಲದ ಮರಿಗಳು ಹಸಿರು, ಒಂದು ಮಾತ್ರ ಸಾಧಾರಣ ನೀಲಿ. ಅವಳು ಕುಗ್ಗಲಿಲ್ಲ. "ನೀಲಿ ಬಂತು ಅಂದ್ರೆ ಇದ್ರೊಳ್ಗೂ ನೀಲಿ ಅದೆ ಅಂತಾಯ್ತು. ಅಡಗಿರೋ ಇನ್ನೊಂದು ಬಣ್ಣಾನೂ ಇರ್ಬೇಕು" ಎಂದು, ಕವುಚಿಟ್ಟಿದ್ದ ಆ ಎಂಟು ದಳದ ಮಡಕೆಯನ್ನೇ ಒಳಗಡೆ ತೊಳೆದು ಒಣಗಿಸಿ ಅವಕ್ಕೆ ಕಟ್ಟಿದಳು. ಹಕ್ಕಿ ಅದರಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತ ವಾರದಲ್ಲಿ, ಒಂದು ಬೆಳಿಗ್ಗೆ, ಹಕ್ಕಿಗಳಿಗೆಂದು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು. ಆಸ್ಪತ್ರೆಯಲ್ಲಿ ಕಣ್ಣು ತೆರೆಯಲೇ ಇಲ್ಲ. ಕಣ್ಣು ತೆರೆಯದೆ ಹೋದಳು, ಇಡೀ ಮನೆಗೆ ಇದ್ದದ್ದು ಅವಳ ಕಣ್ಣೊಂದೇ.

ಸೂತಕ ಕಳೆಯುವ ದಿನ ಮನೆಯೆಲ್ಲ ತೊಳೆದರು. ನಮ್ಮ ಕಡೆ ಒಂದು ಪದ್ಧತಿ ಇದೆ, ಸಾವಾದ ಮನೆಯ ಮಣ್ಣಿನ ಪಾತ್ರೆಗಳನ್ನು ಇಟ್ಟುಕೊಳ್ಳುವಂತಿಲ್ಲ, ಆಚೆಗೆ ಹಾಕಿ ಹೊಸದು ತರಬೇಕು. ಈಗ ಯಾರ ಅಡುಗೆಮನೆಯಲ್ಲಿ ಮಣ್ಣಿನ ಪಾತ್ರೆ ಇದೆ ಹೇಳಿ? ಎಲ್ಲ ಸ್ಟೀಲು, ಕುಕ್ಕರು. ಆದರೆ ಅಕ್ಕ ಪದ್ಧತಿ ಬಿಡುವವಳಲ್ಲ. ಇಬ್ಬರು ಹೆಂಗಸರನ್ನು ಕರೆದುಕೊಂಡು ಮನೆಯೆಲ್ಲ ಹುಡುಕಿ, ಕೊನೆಗೆ ತಾರಸಿಗೆ ಹತ್ತಿದಳು. ನಾನು ಕೆಳಗೆ ಬಂದವರ ಎದುರು ಕೂತಿದ್ದೆ. ಮೇಲೆ ಏನೋ ಒಡೆಯುವ ಸದ್ದು, ಹಕ್ಕಿಗಳ ಗಲಾಟೆ. ಎದ್ದು ನೋಡಬೇಕೆಂದು ನನಗೆ ಹೊಳೆಯಲಿಲ್ಲ, ಆ ದಿನಗಳಲ್ಲಿ ಯಾವ ಸದ್ದೂ ನನಗೆ ಸಂಬಂಧಪಟ್ಟದ್ದು ಅನ್ನಿಸುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಮೆಟ್ಟಿಲಿಳಿದು ಬಂದಳು. ಎರಡೂ ಕೈಯಲ್ಲಿ ಒಂದು ಮಡಕೆ ಹಿಡಿದಿದ್ದಳು. "ಇದ್ರೊಳ್ಗೆ ಚಿಂವ್ ಅಂತು ಕಣೋ. ಜೀವ ಐತೆ. ಇದನ್ನೆಂಗೋ ಒಡೆಯೋದು?" ಅಂದಳು. ಎಂಟು ದಳದ ಹೂವು ನನ್ನ ಕಡೆಗಿತ್ತು.

ಮಿಕ್ಕ ಮಡಕೆಗಳು ಹೋಗಿದ್ದವು. ಅವುಗಳಲ್ಲಿ ಮೊಟ್ಟೆ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಹಕ್ಕಿಗಳೆಲ್ಲ ಗಾಬರಿಯಾಗಿ ಹಾರಾಡುತ್ತಿದ್ದವೆಂದು ಅವರು ಅವನ್ನು ಹಿಡಿದು ಒಂದೇ ದೊಡ್ಡ ಪಂಜರಕ್ಕೆ ತುಂಬಿಬಿಟ್ಟಿದ್ದರು. ಅಕ್ಕನ ಮೇಲೆ ಸಿಟ್ಟು ಬಂತೇ ಅಂದರೆ, ಬಂತು. ಆದರೆ ಆ ಹನ್ನೊಂದು ದಿನ ನಮ್ಮ ಮನೆಯಲ್ಲಿ ಅವಳಷ್ಟು ಅತ್ತವರು ಯಾರೂ ಇಲ್ಲ, ಅವಳ ಮೇಲೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಹೊಸ ಮಡಕೆ ತಂದು ಕಟ್ಟಿದೆ. ಅವುಗಳ ಮೇಲೆ ಏನೂ ಇರಲಿಲ್ಲ. ಯಾವ ಹಕ್ಕಿ ಹಸಿರು, ಯಾವುದರ ಜೊತೆ ಯಾವುದು ಇತ್ತು, ರೆಕ್ಕೆಯ ಕಪ್ಪು ಪಟ್ಟೆ ನೋಡಿ ಅಷ್ಟಿಷ್ಟು ಊಹಿಸುತ್ತಿದ್ದೆ. ಅವು ತಮಗೆ ತೋಚಿದ ಹಾಗೆ ಜೋಡಿಯಾದವು. ರತ್ನ ವರ್ಷಗಟ್ಟಲೆ ಒಂದೊಂದಾಗಿ ಹೊಂದಿಸಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಸಿಹೋಯಿತು.

ಉಳಿದ ಮಡಕೆಯನ್ನು ಮತ್ತೆ ಪಂಜರದಲ್ಲಿ ಕಟ್ಟಿದೊಡನೆ ತಾಯಿ ತಾನಾಗಿಯೇ ಒಳಹೊಕ್ಕಿತು. ಅದರಲ್ಲಿ ಎರಡು ಮರಿ ಆಗಿದ್ದವು. ಮೊದಲು ಬೋಳು, ಆಮೇಲೆ ಮೈಮೇಲೆ ಭತ್ತದ ಮೊಳಕೆಯ ಹಾಗೆ ಗರಿಯ ಕಡ್ಡಿ, ಆಮೇಲೆ ಬಣ್ಣ. ಬಣ್ಣ ಬರುತ್ತಿದೆ ಎನ್ನುವುದು ನನಗೂ ಕಂಡಿತು. ಎರಡರಲ್ಲಿ ಒಂದು ಹಸಿರೋ ಹಳದಿಯೋ, ಮಬ್ಬು. ಇನ್ನೊಂದು ನನ್ನ ಕಣ್ಣಿಗೆ ನೀಲಿ. ನೀಲಿ ಅಂದರೆ ಅಪ್ಪನ ಹಾಗೆ ಬರೀ ನೀಲಿಯೋ, ಅಥವಾ ಅದೇನೋ? ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಬರೀ ನೀಲಿ ಅಂದುಬಿಟ್ಟರೆ ಅವಳ ಆಸೆ ಅಲ್ಲಿಗೆ ಸತ್ತ ಹಾಗೆ. ನೇರಳೆ ಅಂದರೆ, ಅವಳು ಇಷ್ಟು ಕಾಯ್ದದ್ದು ಅವಳು ಹೋದ ಮೇಲೆ ಬಂತಲ್ಲ ಎಂಬ ಹೊಟ್ಟೆಯುರಿಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಇನ್ನೂ ಒಂದು ಇತ್ತು, ಹೇಳಲು ನಾಚಿಕೆ. ಬಣ್ಣ ಹೇಳುವುದು ಅವಳ ಕೆಲಸ. ಆ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ನನಗೆ ಮನಸ್ಸಿರಲಿಲ್ಲ.

ಮರಿಗಳು ಮಡಕೆಯಿಂದ ಇಣುಕಿ ಹೊರಬರುವ ಹೊತ್ತಿಗೆ ಗರಿ ಉದುರತೊಡಗಿತು. ರೆಕ್ಕೆಯ ಉದ್ದ ಗರಿ, ಬಾಲದ ಗರಿ, ಬುಡದಲ್ಲಿ ರಕ್ತ ಕಟ್ಟಿಕೊಂಡು ಮುರಿದು ಬೀಳುತ್ತಿತ್ತು. ತಾಯಿಯೇ ಕೀಳುತ್ತಿದೆಯೇನೋ ಎಂದು ಅದನ್ನು ಬೈದೆ, ಪಾಪ. ಹೇನಿರಬೇಕೆಂದು ಪಂಜರಕ್ಕೆ ಬೇವಿನ ಸೊಪ್ಪು ಕಟ್ಟಿದೆ. ಮಬ್ಬು ಬಣ್ಣದ ಮರಿ ಎರಡು ದಿನ ಮುದುಡಿ ಕೂತು ಸತ್ತಿತು. ಇನ್ನೊಂದನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಹಕ್ಕಿ ನೋಡುವ ಡಾಕ್ಟರಮ್ಮನ ಹತ್ತಿರ ಓಡಿದೆ. ಆಕೆ ರೆಕ್ಕೆ ಬಿಡಿಸಿ, ಬೆಳಕಿಗೆ ಹಿಡಿದು, ಮೆಲ್ಲಗೆ ಹೇಳಿದರು: "ವೈರಸ್ಸಿನಿಂದ ಬರೋದು ಸರ್. ಮರಿಗಳಿಗೇ ಜಾಸ್ತಿ. ಔಷಧಿ ಅಂತ ಇಲ್ಲ. ಬದುಕಿದ್ರೂ ಹಾರೋದು ಕಷ್ಟ, ಓಡಾಡ್ಕೊಂಡಿರುತ್ತೆ. ಇದನ್ನ ಬೇರೆ ಇಡಿ. ಸದ್ಯಕ್ಕೆ ಮರಿ ಮಾಡಿಸೋದು ಪೂರ್ತಿ ನಿಲ್ಲಿಸಿಬಿಡಿ. ಇದು ಹುಟ್ಟಿದ ಮಡಕೆ ಇದೆಯಲ್ಲ, ಅದನ್ನಂತೂ ಇಟ್ಕೊಳ್ಳಲೇಬೇಡಿ. ಮಣ್ಣಲ್ಲಿ ಸೇರ್ಕೊಂಡುಬಿಡುತ್ತೆ." ಡಬ್ಬಿ ಮುಚ್ಚುವಾಗ, "ಪಾಪ, ಎಷ್ಟು ಒಳ್ಳೆ ಬಣ್ಣ ಬಂದಿದೆ ನೋಡಿ" ಅಂದರು. ಹೌದು ಹೌದು ಎಂದು ತಲೆಯಾಡಿಸಿ, ಮುಂದಿನ ಮಾತು ಬರುವ ಮುಂಚೆ ಬಾಗಿಲು ದಾಟಿದೆ.

ಪದ್ಧತಿ ಬಿಟ್ಟ ಮಡಕೆಯನ್ನು ವಿಜ್ಞಾನ ಬಿಡಲಿಲ್ಲ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನ ಮೇಲೆ ಬಚ್ಚಿಡಬಹುದೇ ಎಂದು ಯೋಚಿಸಿದೆ, ಕೆಳಗಿಳಿಸಿದೆ, ಮತ್ತೆ ಮೇಲಿಟ್ಟೆ. "ಹಕ್ಕಿ ಮುಖ್ಯಾನೋ ಮಡಕೆ ಮುಖ್ಯಾನೋ ನಿಮ್ಗೆ?" ಎಂದು ರತ್ನ ಬೈಯುವುದು ಕಿವಿಯಲ್ಲಿ ಕೇಳುತ್ತಿತ್ತು. ಕೊನೆಗೆ ಹಿತ್ತಲಲ್ಲಿ ಗುಂಡಿ ತೋಡಿ, ನಾನೇ ಒಡೆದು ಹೂತೆ. ಅವಳ ಕೈಬರಹ ಅಂತ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ ಆಗಿತ್ತು. ಅಂದು ಅತ್ತಷ್ಟು ನಾನು ಅವಳನ್ನು ಕಳಿಸಿದ ದಿನವೂ ಅತ್ತಿರಲಿಲ್ಲ. ರಟ್ಟಿನ ಡಬ್ಬಿಯ ತಳದಲ್ಲಿ ಬಿದ್ದಿದ್ದ ಗರಿಯೊಂದನ್ನು ಹಳೆಯ ಕನ್ನಡಕದ ಜೊತೆ ಸೇರಿಸಿದ್ದು ಆವತ್ತೇ ಇರಬೇಕು. ಡಾಕ್ಟರಮ್ಮನಿಗೆ ಹೇಳಬೇಡಿ.

ಆ ಮರಿ ಬದುಕಿತು. ಬಾಲ ಸೊಟ್ಟಗೆ ಬಂತು, ರೆಕ್ಕೆ ಅರ್ಧಕ್ಕೇ ನಿಂತಿತು, ಮೈಗರಿ ಮಾತ್ರ ತುಂಬಿಕೊಂಡಿತು. ಮಿಕ್ಕ ಹಕ್ಕಿಗಳು ತಾರಸಿಯಲ್ಲಿ, ಇದು ಕೆಳಗೆ ನನ್ನ ಜೊತೆ. ದಿನವಿಡೀ ಹಾಲ್‌ನಲ್ಲಿ ಟುಕುಟುಕು ಓಡುತ್ತದೆ, ಕುರ್ಚಿಯ ಕಾಲನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು ಹತ್ತುತ್ತದೆ, ಪೇಪರಿನ ಮೇಲೆ ನಡೆದು ನಾನು ಗುರುತು ಹಾಕಿದ ತಪ್ಪುಗಳ ಮೇಲೆ ಹಿಕ್ಕೆ ಹಾಕುತ್ತದೆ. ಅದಕ್ಕೆ ಹೆಸರಿಡಲಿಲ್ಲ. ಬಣ್ಣ ಗೊತ್ತಾಗುವ ತನಕ ಹೆಸರಿಡಬಾರದು ಎಂಬುದು ರತ್ನಳ ಕಾನೂನು.

ಹೋದ ವಾರ ವರ್ಷದ ಕಾರ್ಯದ ಮಾತಿಗೆ ಅಕ್ಕ ಬಂದಳು. ಆ ದಿನದ ನಂತರ ಅವಳು ಹಕ್ಕಿಗಳ ಕಡೆ ಕಣ್ಣು ಹಾಯಿಸುವುದಿಲ್ಲ, ತಾರಸಿ ಹತ್ತುವುದಂತೂ ಇಲ್ಲ. ಕಾಫಿ ಕೊಟ್ಟೆ. ಎಡೆಗೆ ಏನೇನು ಮಾಡಿಸಬೇಕೆಂದು ಹೇಳುತ್ತಿದ್ದವಳ ಕಾಲ ಬಳಿಗೆ ಸೋಫಾದ ಅಡಿಯಿಂದ ಇದು ಓಡಿ ಬಂತು.

"ಇದೇನ್ಲಾ ಇದು, ಇಲಿಯಂಗೆ ಓಡ್ತದೆ?"

"ಗರಿಯ ರೋಗ ಅಕ್ಕ. ಹಾರಕ್ಕಾಗಲ್ಲ. ಅವತ್ತು ನೀನು ಉಳಿಸಿದೆಯಲ್ಲ, ಆ ಮಡಕೇದು."

ಅಕ್ಕ ಲೋಟ ಕೆಳಗಿಟ್ಟಳು. ಬಗ್ಗಿ, ಹೆದರಿ ಹೆದರಿ ಬೆರಳು ಚಾಚಿದಳು. ಅದು ಬೆರಳು ಕಚ್ಚಿ ಹಿಡಿದು ಕೈಮೇಲೆ ಹತ್ತಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಬೇಡ, ಹೇಳಬೇಡ ಎಂದು ಬಾಯಿ ತೆರೆದೆ. ಅಕ್ಕ ನನ್ನ ಬಾಯಿಗೆ ಯಾವತ್ತು ಕಾದಿದ್ದಾಳೆ?

"ಅಯ್ಯೋ ಶಿವನೇ! ನಮ್ ರತ್ನನ ನೇರಳೆ ಸೀರೆ ಬಣ್ಣ ಅಲ್ವೇನೋ ಇದು? ಅದೇ ಕಣೋ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ."

ನಾನು ಹಕ್ಕಿಯನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋದೆ. ಬೀರು ತೆಗೆದು ಆ ಸೀರೆಯನ್ನು ಮಂಚದ ಮೇಲೆ ಹರಡಿದೆ, ಹಕ್ಕಿಯನ್ನು ಅದರ ಮೇಲೆ ಬಿಟ್ಟೆ. ಅದು ಈ ತುದಿಯಿಂದ ಆ ತುದಿಗೆ ಓಡಿತು, ಮಧ್ಯದಲ್ಲಿ ನಿಂತು ಜರಿಯನ್ನು ಕೊಕ್ಕಿನಲ್ಲಿ ಎಳೆದು ನೋಡಿತು. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ. ಸೀರೆ ಎಲ್ಲಿ ಮುಗಿಯುತ್ತದೆ, ಹಕ್ಕಿ ಎಲ್ಲಿ ಶುರುವಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಎರಡೂ ಒಂದೇ ನೀಲಿ. ಹಾಗಾದರೆ ಅಕ್ಕ ಹೇಳಿದ್ದು ನಿಜ.

ಮದುವೆಯಾದ ದಿನದಿಂದ ಬಣ್ಣದ ಸುದ್ದಿ ಅವಳಿಂದಲೇ ನನಗೆ ಬರುತ್ತಿತ್ತು. ಅವಳಿಗೆ ಹೇಳುವಂಥ ಒಂದು ಬಣ್ಣ ನನ್ನ ಹತ್ತಿರ ಇದ್ದದ್ದು ಇದೇ ಮೊದಲು.

"ಬಂತು ಕಣೇ ರತ್ನಾ" ಅಂದೆ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ.

ಹಾಲ್‌ನಲ್ಲಿದ್ದ ಅಕ್ಕ, "ಯಾರೋ ಬಂದಿದ್ದು?" ಎಂದು ಎದ್ದು ಹೋಗಿ ಬೀದಿ ಬಾಗಿಲು ತೆಗೆದಳು.